ಮಿಂಕ್‌ನ ತುಪ್ಪಳ ಬೆಳ್ಳಗಾದದ್ದೇಕೆ?

ಮಕ್ಕಳೇ, ತುಂಗಭದ್ರೆಯ ಬಂಡೆಗಳ ನಡುವೆ ಈಜಾಡುವ ನೀರುನಾಯಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ನೋಡದವರು ಚಿತ್ರದಲ್ಲಾದರೂ ನೋಡಿರುತ್ತೀರಿ. ಅದೇ ಬಳಗದ ಇನ್ನೊಂದು ಪ್ರಾಣಿ ಮಿಂಕ್. ನೀರುನಾಯಿಗಿಂತ ತುಂಬಾ ಚಿಕ್ಕದು. ಇದರ ತವರು ಉತ್ತರ ಅಮೆರಿಕ. ಉದ್ದನೆಯ ಮೈ, ಗಿಡ್ಡ ಕಾಲು, ಕಡುಕಂದು ಬಣ್ಣದ ನುಣುಪಾದ ತುಪ್ಪಳ. ಹೊಳೆಯ ದಂಡೆಯಲ್ಲಿ ಓಡಾಡಿಕೊಂಡು ಮೀನು, ಕಪ್ಪೆ, ಇಲಿಗಳನ್ನು ಹಿಡಿದು ತಿನ್ನುತ್ತದೆ.

ಆ ತುಪ್ಪಳವೇ ಅದಕ್ಕೆ ಮುಳುವಾಯಿತು. ಚಳಿ ದೇಶಗಳ ಜನ ಬೆಚ್ಚನೆಯ ಕೋಟು ಹೊಲಿಸಿಕೊಳ್ಳಲು ಮಿಂಕ್‌ಗಳನ್ನು ಪಂಜರಗಳಲ್ಲಿಟ್ಟು ಸಾಕತೊಡಗಿದರು. ಅಮೆರಿಕ, ಕೆನಡಾ, ಡೆನ್ಮಾರ್ಕ್, ಫಿನ್ಲೆಂಡ್ ಮುಂತಾದ ಕಡೆ ಇಂಥ ಸಾಕಣೆ ದೊಡ್ಡ ಉದ್ಯಮವಾಗಿ ಬೆಳೆಯಿತು. ಮೀನು, ಕಸಾಯಿಖಾನೆಯಲ್ಲಿ ಉಳಿದ ಮಾಂಸ, ಧಾನ್ಯ ಇವನ್ನೆಲ್ಲ ಒಟ್ಟಿಗೆ ಅರೆದು, ಮುದ್ದೆಯಂತೆ ಮಾಡಿ ಪಂಜರದ ತಂತಿಯ ಮೇಲೆ ಇಡುತ್ತಾರೆ. ಮಿಂಕ್ ಒಳಗಿನಿಂದ ಮೂತಿ ಎತ್ತಿ ಅದನ್ನು ತಿನ್ನುತ್ತದೆ.

ಕೆಲವು ಸಾಕಣೆ ಕೇಂದ್ರಗಳಲ್ಲಿ ಒಂದು ವಿಚಿತ್ರ ತೊಂದರೆ ಕಾಣಿಸಿಕೊಂಡಿತು. ಅದನ್ನು ತಿಳಿಯಲು ಮೊದಲು ಮಿಂಕ್‌ನ ಮೈಗೂದಲನ್ನು ಹತ್ತಿರದಿಂದ ನೋಡೋಣ. ಅದರಲ್ಲಿ ಎರಡು ಪದರಗಳಿವೆ. ಮೇಲೆ ಉದ್ದನೆಯ, ಹೊಳಪಿನ, ಸ್ವಲ್ಪ ಗಡುಸಾದ ಕೂದಲು. ಇದು ನೀರನ್ನು ಒಳಕ್ಕೆ ಬಿಡುವುದಿಲ್ಲ. ಅದರ ಅಡಿಯಲ್ಲಿ ಗಿಡ್ಡನೆಯ, ದಟ್ಟವಾದ, ಮೆತ್ತನೆಯ ಒಳತುಪ್ಪಳ. ಇದು ಗಾಳಿಯನ್ನು ಹಿಡಿದಿಟ್ಟು ಮೈಯನ್ನು ಬೆಚ್ಚಗಿಡುತ್ತದೆ. ಸಾಕುವವರು ಮಿಂಕನ್ನು ಹಿಡಿದು ಅದರ ಬೆನ್ನಿನ ಮೇಲೆ ಬಾಯಿಂದ ಉಫ್ ಎಂದು ಊದುತ್ತಾರೆ. ಮೇಲಿನ ಕೂದಲು ಎರಡೂ ಕಡೆ ಸರಿದು ಒಳತುಪ್ಪಳ ಕಾಣುತ್ತದೆ. ಗಟ್ಟಿಮುಟ್ಟಾದ ಕಡುಕಂದು ಮಿಂಕ್‌ನಲ್ಲಿ ಒಳಗೂ ಬಣ್ಣ ಇರುತ್ತದೆ. ಆದರೆ ಈ ಮಿಂಕ್‌ಗಳಲ್ಲಿ ಊದಿದಾಗ ಕಂಡದ್ದು ಬಿಳಿ! ಮೇಲೆ ಕಂದು, ಒಳಗೆ ಹತ್ತಿಯಂಥ ಬಿಳಿ. ಅದಕ್ಕೇ ಅವರು ಈ ತೊಂದರೆಯನ್ನು 'ಕಾಟನ್ ಫರ್' ಎಂದು ಕರೆದರು.

ಬಣ್ಣ ಹೋದದ್ದು ಮಾತ್ರವಲ್ಲ. ಮರಿಗಳ ಮೂಗು, ವಸಡು ಬಿಳಿಚಿಕೊಂಡಿದ್ದವು. ಅವು ಸರಿಯಾಗಿ ಬೆಳೆಯುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿದಾಗ ರಕ್ತಹೀನತೆ ಇರುವುದು ತಿಳಿಯಿತು.

ರಕ್ತ ಕೆಂಪಾಗಿರುವುದು ಹಿಮೋಗ್ಲೋಬಿನ್ ಎಂಬ ವಸ್ತುವಿನಿಂದ. ನಾವು ಉಸಿರಾಡಿದ ಆಮ್ಲಜನಕವನ್ನು ಮೈತುಂಬಾ ಹೊತ್ತೊಯ್ಯುವುದೂ ಅದೇ. ಹಿಮೋಗ್ಲೋಬಿನ್‌ನ ಒಂದೊಂದು ಅಣುವಿನಲ್ಲೂ ಕಬ್ಬಿಣದ ನಾಲ್ಕು ಪರಮಾಣುಗಳಿರುತ್ತವೆ. ಕಬ್ಬಿಣ ಸಾಲದಿದ್ದರೆ ಹಿಮೋಗ್ಲೋಬಿನ್ ಸಾಲದು, ಅದು ಸಾಲದಿದ್ದರೆ ಮೈ ಸೋಲುತ್ತದೆ.

ಹಾಗಾದರೆ ಆಹಾರದಲ್ಲಿ ಕಬ್ಬಿಣವೇ ಇರಲಿಲ್ಲವೇ? ಇತ್ತು! ಒಗಟು ಇರುವುದೇ ಇಲ್ಲಿ.

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆರಿಗನ್ ಎಂಬ ರಾಜ್ಯವಿದೆ. ಅಲ್ಲಿನ ವಿಜ್ಞಾನಿಗಳಾದ ಸ್ಟೌಟ್, ಓಲ್ಡ್‌ಫೀಲ್ಡ್ ಮತ್ತು ಅಡೇರ್ ಈ ತೊಂದರೆಯ ಬಗ್ಗೆ ತಾವು ನಡೆಸಿದ ಅಧ್ಯಯನವನ್ನು 1960ರಲ್ಲಿ ಪ್ರಕಟಿಸಿದರು. ಆ ಕಡೆಯ ಸಮುದ್ರದಲ್ಲಿ ಹೇಕ್ ಎಂಬ ಮೀನು ದಂಡಿಯಾಗಿ ಸಿಗುತ್ತದೆ. ಹಿಡಿದ ಸ್ವಲ್ಪ ಹೊತ್ತಿಗೇ ಅದರ ಮಾಂಸ ಮೆತ್ತಗಾಗಿಬಿಡುವುದರಿಂದ ಜನ ಅಷ್ಟಾಗಿ ಕೊಳ್ಳುತ್ತಿರಲಿಲ್ಲ. ಅಗ್ಗದ ಮೀನು, ಆದ್ದರಿಂದ ಮಿಂಕ್‌ಗಳ ಪಾಲಿಗೆ ಬರುತ್ತಿತ್ತು. ಹಸಿ ಹೇಕನ್ನು ಹೆಚ್ಚಾಗಿ ತಿಂದ ಮಿಂಕ್‌ಗಳಿಗೇ ಬಿಳಿ ತುಪ್ಪಳ ಬರುತ್ತಿತ್ತು. ಅದೇ ಮೀನನ್ನು ಬೇಯಿಸಿ ಕೊಟ್ಟರೆ ಬರುತ್ತಿರಲಿಲ್ಲ! ಹಸಿ ಮೀನನ್ನೇ ತಿನ್ನಿಸಿ, ಕಬ್ಬಿಣವನ್ನು ಸೂಜಿಮದ್ದಿನ ಮೂಲಕ ಮೈಗೆ ಸೇರಿಸಿದರೂ ಬರುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಸೂಜಿಯಿಂದ ಕೊಟ್ಟ ಕಬ್ಬಿಣ ಕೆಲಸ ಮಾಡುತ್ತದೆ, ಬಾಯಿಂದ ಹೋದದ್ದು ಮಾಡುವುದಿಲ್ಲ. ಅಂದರೆ ತಡೆ ಇರುವುದು ಎಲ್ಲಿ? ಹೌದು, ಕರುಳಿನಲ್ಲಿ. ತಿಂದ ಕಬ್ಬಿಣ ಕರುಳಿನಿಂದ ರಕ್ತಕ್ಕೆ ದಾಟುತ್ತಲೇ ಇರಲಿಲ್ಲ.

ತಡೆದದ್ದು ಏನು? ಹೇಕ್‌ನಂಥ ಸಮುದ್ರದ ಮೀನುಗಳ ಮೈಯಲ್ಲಿ ಟ್ರೈಮಿಥೈಲಮೀನ್ ಆಕ್ಸೈಡ್ ಎಂಬ ವಸ್ತು ಇರುತ್ತದೆ. ಆಳದ ನೀರಿನ ಒತ್ತಡದಲ್ಲಿ ಮೈಯ ಪ್ರೋಟೀನುಗಳು ಕೆಡದಂತೆ ಕಾಪಾಡಲು ಅದು ಮೀನಿಗೆ ಬೇಕು. ಮೀನು ಸತ್ತ ಮೇಲೆ ಅದು ಒಡೆದು ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಗಾಜಿನ ಜಾಡಿಯೊಳಗೆ ಕಪ್ಪೆ, ಹಾವು ಕೆಡದಂತೆ ಇಟ್ಟಿರುತ್ತಾರಲ್ಲ, ಆ ಫಾರ್ಮಾಲಿನ್ ದ್ರಾವಣದಲ್ಲಿ ಇರುವುದು ಇದೇ. ಹೇಕ್ ತಿಂದ ಪ್ರಾಣಿಗಳಲ್ಲಿ ಕಬ್ಬಿಣ ಹೀರಿಕೆ ಕುಗ್ಗಲು ಫಾರ್ಮಾಲ್ಡಿಹೈಡ್ ಕಾರಣವಾಗುತ್ತದೆ ಎಂಬುದನ್ನು ಆರಿಗನ್‌ನಲ್ಲೇ 1970ರ ಹೊತ್ತಿಗೆ ಕಂಡುಕೊಂಡರು.

ಕಾರಣ ತಿಳಿದ ಮೇಲೆ ದಾರಿಯೂ ತಿಳಿಯಿತು. ಮೀನನ್ನು ಬೇಯಿಸಿ ಕೊಡುವುದು, ಇಂಥ ಹಸಿ ಮೀನಿನ ಪಾಲನ್ನು ಕಡಿಮೆ ಮಾಡುವುದು, ಮರಿಗಳಿಗೆ ಕಬ್ಬಿಣದ ಸೂಜಿಮದ್ದು ಹಾಕುವುದು. ಅದೇ ಹಸಿ ಮೀನಿಗೆ ಕಬ್ಬಿಣದ ಪುಡಿಯನ್ನು ಸುಮ್ಮನೆ ಕಲಸಿಬಿಟ್ಟರೆ ಸಾಲದು, ಏಕೆಂದರೆ ಆ ಕಬ್ಬಿಣವೂ ಅಲ್ಲೇ ಸಿಕ್ಕಿಬೀಳುತ್ತದೆ.

ಮಿಂಕ್‌ಗೆ ಬೇಕಾದ ಖನಿಜ ಕಬ್ಬಿಣ ಒಂದೇ ಅಲ್ಲ. ತಾಯಿ ಮಿಂಕ್ ನಾಲ್ಕೈದು ಮರಿಗಳಿಗೆ ವಾರಗಟ್ಟಲೆ ಹಾಲೂಡಿಸುತ್ತದೆ. ಹಾಲಿನೊಂದಿಗೆ ಅದರ ಮೈಯ ಉಪ್ಪೂ ನೀರೂ ಹೋಗುತ್ತಿರುತ್ತವೆ. ಮರಿಗಳು ಹಾಲು ಬಿಡುವ ಹೊತ್ತಿಗೆ ಕೆಲವು ತಾಯಿ ಮಿಂಕ್‌ಗಳು ಸೊರಗಿ, ನಡೆಯಲೂ ಆಗದೆ ಬಿದ್ದುಬಿಡುತ್ತವೆ. ಆ ದಿನಗಳಲ್ಲಿ ಆಹಾರಕ್ಕೆ ಸ್ವಲ್ಪ ಅಡುಗೆ ಉಪ್ಪು ಸೇರಿಸಿ, ಕುಡಿಯಲು ಧಾರಾಳವಾಗಿ ನೀರಿಟ್ಟರೆ ಅನೇಕ ತಾಯಿ ಮಿಂಕ್‌ಗಳು ಈ ಕಾಯಿಲೆಯಿಂದ ಪಾರಾಗುತ್ತವೆ. ಮೂಳೆ ಗಟ್ಟಿಯಾಗಲು ಸುಣ್ಣದ ಅಂಶ ಮತ್ತು ರಂಜಕ ಬೇಕು. ಚರ್ಮ ಚೆನ್ನಾಗಿರಲು ಸತು ಬೇಕು. ಕೂದಲಿಗೆ ಕಪ್ಪು ಬಣ್ಣ ಕೊಡುವ ಮೆಲನಿನ್ ತಯಾರಾಗಲು ತಾಮ್ರ ಬೇಕು. ತಾಮ್ರ ಸಾಲದಿದ್ದರೆ ಕಪ್ಪು ಕುರಿಗೂ ಬಿಳಿ ಉಣ್ಣೆ ಬೆಳೆಯುತ್ತದೆ!

ಹಾಗೆಂದು ಹೆಚ್ಚು ಕೊಟ್ಟಷ್ಟೂ ಒಳ್ಳೆಯದಲ್ಲ. ಇದೇ ತಾಮ್ರ ಅಳತೆ ಮೀರಿದರೆ ಕುರಿಯ ಪಿತ್ತಜನಕಾಂಗ ಕೆಟ್ಟು ಪ್ರಾಣವೇ ಹೋಗಬಹುದು. ನಿಮ್ಮ ಮನೆಯಲ್ಲಿ ಹಸು ಇದ್ದರೆ, ಹಿಂಡಿ ಬೂಸಾದ ಜೊತೆ ಖನಿಜ ಮಿಶ್ರಣದ ಪುಡಿ ಹಾಕುವುದನ್ನು ನೋಡಿರುತ್ತೀರಿ. ಅದನ್ನು ಪಶುವೈದ್ಯರು ಹೇಳಿದ ಅಳತೆಯಲ್ಲೇ ಹಾಕಬೇಕು. ಹಸುವಿನ ಪುಡಿಯನ್ನು ಕುರಿಗೆ ಹಾಕಬಾರದು.

ಕಾಡಿನ ಮಿಂಕ್ ಇಂದು ಮೀನು, ನಾಳೆ ಕಪ್ಪೆ, ನಾಡಿದ್ದು ಇಲಿ ಎಂದು ಬಗೆಬಗೆಯದನ್ನು ಹುಡುಕಿಕೊಂಡು ತಿನ್ನುತ್ತದೆ. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಗುತ್ತದೆ. ಪಂಜರದ ಮಿಂಕ್‌ಗೆ ಆ ಆಯ್ಕೆ ಇಲ್ಲ, ನಾವು ಇಟ್ಟದ್ದೇ ಅದರ ಊಟ. ಈಜುವ ಪ್ರಾಣಿಯನ್ನು ತಂತಿಯ ಪಂಜರದಲ್ಲಿ ಇಡುವುದೇ ಸರಿಯಲ್ಲ ಎಂದು ಅನೇಕ ದೇಶಗಳ ಜನ ದನಿ ಎತ್ತಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ತುಪ್ಪಳಕ್ಕಾಗಿ ಪ್ರಾಣಿ ಸಾಕುವುದನ್ನು ನಿಷೇಧಿಸುವ ಕಾನೂನು 2000ದಲ್ಲಿ ಬಂತು. ನನಗೂ ಅದೇ ಸರಿ ಎನಿಸುತ್ತದೆ. ಕೋಟಿಗೆ ಬೇರೆ ಬಟ್ಟೆ ಸಿಗುತ್ತದೆ, ಮಿಂಕ್‌ಗೆ ಬೇರೆ ಮೈ ಸಿಗುವುದಿಲ್ಲ.

ಆದರೂ ಆ ಮೂಕಪ್ರಾಣಿಗಳಿಂದ ತಿಳಿದದ್ದು ನಮಗೂ ಬೇಕಾದದ್ದು. ಊಟದಲ್ಲಿ ಎಷ್ಟು ಕಬ್ಬಿಣ ಇದೆ ಎಂಬುದಷ್ಟೇ ಮುಖ್ಯವಲ್ಲ, ಅದರಲ್ಲಿ ಮೈಗೆ ಎಷ್ಟು ದಕ್ಕುತ್ತದೆ ಎಂಬುದು ಮುಖ್ಯ. ನಮ್ಮ ಊಟದಲ್ಲೂ ಕಬ್ಬಿಣವನ್ನು ತಡೆಯುವ ವಸ್ತುಗಳಿವೆ. ಟೀ, ಕಾಫಿಯಲ್ಲಿರುವ ಒಗರಿನ ಅಂಶ ತಡೆಯುತ್ತದೆ. ರಾಗಿ, ಕಾಳುಗಳಲ್ಲಿರುವ ಫೈಟೇಟ್ ಕೂಡ ತಡೆಯುತ್ತದೆ, ಆದರೆ ನೆನೆಸಿ ಮೊಳಕೆ ಕಟ್ಟಿದರೆ ಅದು ಕಡಿಮೆಯಾಗುತ್ತದೆ. ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣಿನಲ್ಲಿರುವ ಸಿ ಜೀವಸತ್ವ ಕಬ್ಬಿಣ ರಕ್ತಕ್ಕೆ ಸೇರಲು ನೆರವಾಗುತ್ತದೆ.

ಆದ್ದರಿಂದ ಮಕ್ಕಳೇ, ಸೊಪ್ಪಿನ ಪಲ್ಯಕ್ಕೆ, ಕಾಳಿನ ಉಸಲಿಗೆ ನಿಂಬೆರಸ ಹಿಂಡಿಕೊಂಡು ತಿನ್ನಿ. ಊಟದ ಜೊತೆಗೆ ಟೀ ಕುಡಿಯಬೇಡಿ, ಒಂದು ಗಂಟೆಯಾದರೂ ಬಿಟ್ಟು ಕುಡಿಯಿರಿ. ಶಾಲೆಯಲ್ಲಿ ವಾರಕ್ಕೊಮ್ಮೆ ಚಿಕ್ಕವರಿಗೆ ಗುಲಾಬಿ, ದೊಡ್ಡವರಿಗೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರಲ್ಲ, ಅದನ್ನು ಕಿಟಕಿಯಾಚೆ ಎಸೆಯದೆ, ಊಟವಾದ ಮೇಲೆ ಟೀಚರ್ ಹೇಳಿದಂತೆ ನೀರಿನೊಂದಿಗೆ ನುಂಗಿ.