ಕಾರಿನ ಕೆಳಗಿನ ಪ್ಲಾಟಿನಂ

ಇವತ್ತು ನಿಮ್ಮನ್ನ ನಿಮ್ಮದೇ ಪೆಟ್ರೋಲ್ ಕಾರಿನ ಕೆಳಗೆ ಕರ್ಕೊಂಡು ಹೋಗ್ತೀನಿ.

ಎಂಜಿನ್‌ನಿಂದ ಬರುವ ಹೊಗೆ ಸೈಲೆನ್ಸರ್ ಸೇರೋ ಮೊದಲು ಒಂದು ಉಕ್ಕಿನ ಡಬ್ಬಿ ದಾಟುತ್ತೆ. ಅದೇ ಕ್ಯಾಟಲಿಟಿಕ್ ಕನ್ವರ್ಟರ್. ಒಳಗೆ ಜೇನುಗೂಡಿನಂಥ ಪಿಂಗಾಣಿ. ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ಹೊಗೆಯ ವಿಷ ಇಳಿಸೋದೇ ಇದರ ಕೆಲಸ. 2021ರಲ್ಲಿ ರೋಡಿಯಂ ಬೆಲೆ ಚಿನ್ನದ ಹತ್ತು ಪಟ್ಟಿಗೂ ಮೇಲೆ ಹೋಗಿತ್ತು! ರಾತ್ರೋರಾತ್ರಿ ವ್ಯಾನ್‌ಗಳ ಸೈಲೆನ್ಸರ್ ಕದಿಯೋರು ಯಾಕೆ ಹುಟ್ಟಿಕೊಂಡರು ಅಂತ ಈಗ ಅರ್ಥ ಆಯ್ತಲ್ಲ?

ಈಗ ವಿಷಯಕ್ಕೆ ಬರೋಣ. ಗ್ಯಾರೇಜಿನವರು ಹೇಳ್ತಾರೆ, 'ಸರ್, ಕನ್ವರ್ಟರ್ ಹೋಗಿದೆ.' ನೀವು ಮೊದಲು ಕೇಳಬೇಕಾದ್ದು ಬೆಲೆಯನ್ನಲ್ಲ. 'ಯಾಕೆ ಹೋಯ್ತು?' ಅಂತ ಕೇಳಿ.

ಯಾಕಂದ್ರೆ ಈ ಡಬ್ಬಿಯಲ್ಲಿ ತಿರುಗೋ, ಸವೆಯೋ ಭಾಗವೇ ಇಲ್ಲ. ಬಿಎಸ್-6 ನಿಯಮದ ಪ್ರಕಾರ ಕಾರಿನ ಹೊಗೆ ನಿಯಂತ್ರಣ ವ್ಯವಸ್ಥೆ 1,60,000 ಕಿಲೋಮೀಟರ್ ಬಾಳಬೇಕು. ಕನ್ವರ್ಟರ್ ತಾನಾಗಿ ಸಾಯೋದು ಕಡಿಮೆ ಸ್ವಾಮಿ, ಅದನ್ನ ಎಂಜಿನ್ ಕೊಲ್ಲುತ್ತೆ. ಸ್ಪಾರ್ಕ್ ಪ್ಲಗ್ ಕೆಟ್ಟರೆ ಉರಿಯದ ಪೆಟ್ರೋಲ್ ಒಳಗೆ ಹೋಗಿ ಉರಿದು, ಪಿಂಗಾಣಿ ಕರಗುತ್ತೆ. ಎಂಜಿನ್ ಆಯಿಲ್ ಸುಡುತ್ತಿದ್ದರೆ ಅದರ ರಂಜಕ ಲೇಪನದ ಮೇಲೆ ಕೂರುತ್ತೆ. ಮೂಲ ರೋಗ ಬಿಟ್ಟು ಹೊಸ ಡಬ್ಬಿ ಹಾಕಿದರೆ, ಅದಕ್ಕೂ ಅದೇ ಗತಿ.

ಅಸಲಿ ದುಬಾರಿ. ಅಗ್ಗದ್ದರಲ್ಲಿ ಲೇಪನ ತೆಳು ಇದ್ದರೆ ಆಯಸ್ಸೂ ಕಡಿಮೆ. ಮೂರನೇ ದಾರಿ ಇನ್ನೂ ಅಪಾಯ: 'ಒಳಗಿಂದು ತೆಗೆದು ಖಾಲಿ ಮಾಡ್ತೀವಿ, ಪಿಕಪ್ ಬರುತ್ತೆ' ಅನ್ನೋದು. ತೆಗೆದ ಆ ಪಿಂಗಾಣಿ ಎಲ್ಲಿಗೆ ಹೋಯ್ತು? ಗುಜರಿಗೆ, ಒಳ್ಳೇ ರೇಟಿಗೆ! ಲೋಹ ಅವರಿಗೆ, ಹೊಗೆ ನಮಗೆ. ಪೆಟ್ರೋಲ್ ಕಾರಿನ ಹೊಗೆ ತಪಾಸಣೆಯಲ್ಲಿ ನೈಟ್ರೋಜನ್ ಆಕ್ಸೈಡ್ ಅಳೆಯೋದೇ ಇಲ್ಲ. ಅದನ್ನು ಅಳೆಯೋದು ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೆ ಅಪ್ಪನ ಹಿಂದೆ ಕೂತ ಮಗುವಿನ ಶ್ವಾಸಕೋಶ.

ಅಮೆರಿಕದಲ್ಲಿ ಈ ಡಬ್ಬಿಗೆ 8 ವರ್ಷ ಅಥವಾ 80,000 ಮೈಲಿ ವಾರಂಟಿಯನ್ನ ಕಾನೂನೇ ಕೊಡಿಸುತ್ತೆ. ನಾವು ಕನಿಷ್ಠ ಮೂರು ಕೇಳೋಣ: ಕೆಟ್ಟ ಕಾರಣ, ವಾರಂಟಿ ಬರೆದ ಬಿಲ್ಲು, ಹಳೇ ಕನ್ವರ್ಟರ್. ಅದು ನಿಮ್ಮ ದುಡ್ಡು, ಬಿಟ್ಟು ಬರಬೇಡಿ.

ಯೋಚನೆ ಮಾಡಿ.