ಕೋಲು ಕೊಯ್ಯುವ ಮೊದಲು

ಮನೆಮಂದಿಯೆಲ್ಲ ರಜೆಗೆ ಹೊರಟು ಟೆಂಟ್ ಹಾಕುವಾಗ ಮೊದಲ ಜಗಳ ಹುಟ್ಟುವುದು ಕೋಲಿನಿಂದಲೇ. ಒಂದು ತುದಿ ಮೂಲೆಯ ತೂತಿಗೆ ಕೂತಿದೆ, ಇನ್ನೊಂದು ನಾಲ್ಕು ಬೆರಳು ಆಚೆಗೇ ನಿಂತಿದೆ. 'ಕೋಲೇ ಉದ್ದ, ಕೊಯ್ದುಬಿಡಿ' ಎನ್ನುತ್ತಾರೆ ಭಾವ. ಕಣ್ಣಿಗೆ ಬಿದ್ದದ್ದರ ಮೇಲೇ ನಮ್ಮ ಸಿಟ್ಟು!

ಬಹಳ ಸಲ ತಪ್ಪು ಕೋಲಿನದ್ದಲ್ಲ. ಮೊದಲೇ ಹೊಡೆದ ಗೂಟಗಳು ಬಟ್ಟೆಯನ್ನು ಬಿಗಿ ಹಿಡಿದಿರುತ್ತವೆ. ಒಂದೆರಡು ಕಿತ್ತರೆ ತುದಿ ತಾನಾಗಿ ಕೂರುತ್ತದೆ. ಇಲ್ಲವೇ ಮುಂಬಾಗಿಲಿನ ಕೋಲು ನಡುವಿನ ತೋಳಿಗೆ, ಅಂದರೆ ಕೋಲು ತೂರಿಸುವ ಬಟ್ಟೆಯ ಕೊಳವೆಗೆ, ಹೋಗಿರುತ್ತದೆ. ದೊಡ್ಡ ಟೆಂಟುಗಳಲ್ಲಿ ಕೋಲುಗಳೆಲ್ಲ ಒಂದೇ ಅಳತೆಯವಾಗಿರುವುದು ಅಪರೂಪ. ನೈಲಾನ್ ಬಟ್ಟೆಯೋ, ನೆನೆದರೆ ಜೋಲುತ್ತದೆ, ಒಣಗಿದರೆ ಬಿಗಿಯುತ್ತದೆ.

ಕೋಲನ್ನು ತೋಳಿನೊಳಗೆ ತಳ್ಳಬೇಕು, ಎಳೆಯಬಾರದು. ಎಳೆದರೆ ತುಂಡುಗಳು ಒಳಗೇ ಬೇರ್ಪಟ್ಟು ಸಂದಿಗೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಕೀಲು ಪೂರ್ತಿ ಕೂರದೆ ಬಗ್ಗಿಸಿದರೆ ಫೈಬರ್‌ಗ್ಲಾಸ್ ಉದ್ದಕ್ಕೆ ಸೀಳುತ್ತದೆ. ಅದರ ಸಿಬಿರು ಅಂಗೈಗೆ ಹೊಕ್ಕರೆ ತೆಗೆಯುವುದು ದೊಡ್ಡ ರಗಳೆ. ಸೀಳಿದಲ್ಲಿ ಗೇಣುದ್ದದ ಲೋಹದ ಕೊಳವೆ ತೊಡಿಸಿ ಟೇಪು ಸುತ್ತಿದರೆ ಆ ರಾತ್ರಿ ಕಳೆಯುತ್ತದೆ. ಒಳಗಿನ ಎಲಾಸ್ಟಿಕ್ ದಾರ ಸಡಿಲಾಗಿದ್ದರೆ ತುದಿಯ ಗಂಟು ಬಿಚ್ಚಿ, ಎಳೆದು, ಮತ್ತೆ ಕಟ್ಟಿ. ಹೊರಡುವ ಮುನ್ನ ತಾರಸಿಯ ಮೇಲೊಮ್ಮೆ ಟೆಂಟ್ ಎಬ್ಬಿಸಿ ನೋಡಿ. ಗೂಟದ ಬದಲು ಮೂಲೆಗೊಂದು ನೀರು ತುಂಬಿದ ಕ್ಯಾನು ಸಾಕು.