ಬಿಟ್ಟುಹೋಗದ ಗುರುಗಳು

ಬಾದಾಮಿಗೆ ಸಮೀಪದಲ್ಲಿ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವಿದೆ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಇದನ್ನು ಸ್ಥಾಪಿಸಿದರು. ನಾಡಿನ ಮಠಗಳಿಗೆ ಯೋಗ್ಯರಾದ ಸ್ವಾಮಿಗಳನ್ನು ಸಿದ್ಧಗೊಳಿಸುವುದು ಅವರ ಉದ್ದೇಶವಾಗಿತ್ತು. ವಟುಗಳು ಇಲ್ಲಿಗೆ ಬರುತ್ತಾರೆ, ಓದುತ್ತಾರೆ, ಸಾಧನೆ ಮಾಡುತ್ತಾರೆ, ಒಂದು ದಿನ ಬೇರೆ ಊರಿನ ಮಠಕ್ಕೆ ಹೊರಟುಹೋಗುತ್ತಾರೆ. ಕಳುಹಿಸಿಕೊಡುವುದಕ್ಕಾಗಿಯೇ ಕಟ್ಟಿದ ಮನೆ ಇದು. ಹಾಗಾದರೆ ಕಳುಹಿಸಿಕೊಡಲು ಬಾಗಿಲಲ್ಲಿ ಒಬ್ಬರಾದರೂ ಉಳಿಯಲೇಬೇಕಲ್ಲವೆ? ಹೀಗೆ ಉಳಿದವರ ವಿಚಾರವಾಗಿ ಇಂದು ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇನೆ.

ಸಮರ್ಥನಾದವನು ಚಿಕ್ಕ ಸ್ಥಳದಲ್ಲಿ ಉಳಿದರೆ ಲೋಕಕ್ಕೆ ಆಶ್ಚರ್ಯ. ಅಮೆರಿಕದ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಈ ಆಶ್ಚರ್ಯ ಎದ್ದು ಕಾಣುತ್ತದೆ. ಸಣ್ಣ ಕಾಲೇಜಿನ ತಂಡವನ್ನು ಗೆಲ್ಲಿಸಿದ ತರಬೇತುದಾರನನ್ನು ದೊಡ್ಡ ವಿಶ್ವವಿದ್ಯಾಲಯ ಹೆಚ್ಚು ಸಂಬಳ ಕೊಟ್ಟು ಕರೆದೊಯ್ಯುವುದು ಅಲ್ಲಿಯ ರೂಢಿ. ಗೊನ್‌ಜಾಗ ಎಂಬ ಚಿಕ್ಕ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಫ್ಯೂ 1999ರಲ್ಲಿ ಮುಖ್ಯ ತರಬೇತುದಾರರಾದರು. ಅವರ ತಂಡ 2017ರಲ್ಲಿಯೂ 2021ರಲ್ಲಿಯೂ ರಾಷ್ಟ್ರೀಯ ಅಂತಿಮ ಪಂದ್ಯವನ್ನು ಮುಟ್ಟಿ, ಎರಡು ಸಲವೂ ಸೋತಿತು. ಅವರು ಮಾತ್ರ ಅಲ್ಲಿಂದ ಕದಲಲಿಲ್ಲ. ಅಂಥವರನ್ನು ಕಂಡು ‘ಏಕೆ ಹೋಗಲಿಲ್ಲ?’ ಎಂದು ಜನ ಕೇಳುತ್ತಲೇ ಇರುತ್ತಾರೆ. ಅವರಿಗೆ ಸಂಬಳಕ್ಕೆ ಕೊರತೆಯಿಲ್ಲ, ನಿಜ. ನಮ್ಮಲ್ಲಿ ಉಳಿದವರಿಗೆ ಆ ಅನುಕೂಲವೂ ಇರಲಿಲ್ಲ.

ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕನೊಬ್ಬನ ಕಂಠವನ್ನು ಕುಮಾರಸ್ವಾಮಿಗಳು ಗುರುತಿಸಿದರು. ಅವನಿಗೆ ಆಶ್ರಯವಿತ್ತು ಸಂಗೀತ ಕಲಿಯಲು ಏರ್ಪಾಡು ಮಾಡಿದರು. ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳನ್ನು ಬಲ್ಲ ಅವರು ತಮ್ಮ ಕಛೇರಿಗಳ ಕೀರ್ತಿಯನ್ನಷ್ಟೇ ನೆಚ್ಚಿ ಬಾಳಬಹುದಿತ್ತು. ಅವರು ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಪಾಠ ಹೇಳಿದರು. ಅವರ ಹೊಟ್ಟೆಗಾಗಿ ಊರೂರು ತಿರುಗಿದರು, ನಾಟಕ ಸಂಘವನ್ನೂ ನಡೆಸಿದರು. ಸ್ಥಳ ಬದಲಾಗುತ್ತಿತ್ತು, ಶಿಷ್ಯರ ಕೈ ಬಿಡಲಿಲ್ಲ. ಉಳಿಯುವುದೆಂದರೆ ಊರಿಗೆ ಅಂಟಿಕೊಳ್ಳುವುದಲ್ಲವೆಂದು ನನಗೆ ತಿಳಿದದ್ದು ಇವರಿಂದಲೇ.

1944ರಲ್ಲಿ ಅವರು ತೀರಿಕೊಂಡ ಮೇಲೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೊರೆ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಂದಿತು. ಅವರೂ ಅಂಧರು, ಆಗ ಮೂವತ್ತರ ಪ್ರಾಯ. ಗಾಯನವಲ್ಲದೆ ಹಲವು ವಾದ್ಯಗಳು ಕೈವಶವಾಗಿದ್ದ ಅವರು 2010ರಲ್ಲಿ ಕಣ್ಮುಚ್ಚುವವರೆಗೆ, ಅರವತ್ತಾರು ವರ್ಷ, ಆ ಹೊರೆಯನ್ನು ಇಳಿಸಲಿಲ್ಲ. ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರು, ಪುಟ್ಟರಾಜರ ಶಿಷ್ಯ ವೆಂಕಟೇಶ ಕುಮಾರ್ ದೇಶವೆಲ್ಲ ಹೆಸರಾದರು. ಹೆಸರಾಗದೆ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿಯೋ ಭಜನೆಗೆ ಹಾರ್ಮೋನಿಯಂ ನುಡಿಸಿಯೋ ಮಾನದಿಂದ ಬದುಕಿದವರನ್ನು ಎಣಿಸಿದವರಾರು?

ದೊಡ್ಡ ಸಂಸ್ಥೆ ತನಗೆ ಬೇಕಾದವರನ್ನು ಆರಿಸಿಕೊಳ್ಳುತ್ತದೆ. ಇಂಥ ಮನೆ ಬಂದವರನ್ನು ಸೇರಿಸಿಕೊಳ್ಳುತ್ತದೆ. ಇಲ್ಲಿಯ ಗುರು ಹೊರಟುಹೋದರೆ ದೊಡ್ಡ ಸಂಸ್ಥೆಗೆ ಇನ್ನೊಬ್ಬ ವಿದ್ವಾಂಸ ದೊರೆಯಬಹುದು. ಆದರೆ ನಾಳೆ ತಾಯಿಯ ಕೈ ಹಿಡಿದು ಬರುವ ಕುರುಡು ಮಗುವಿಗೆ ಬೇರೆ ಬಾಗಿಲಿಲ್ಲ. ತಾನೇ ಒಮ್ಮೆ ಅದೇ ಬಾಗಿಲಲ್ಲಿ ನಿಂತಿದ್ದವನಿಗೆ ಇದನ್ನು ಯಾರೂ ತಿಳಿಸಿಹೇಳಬೇಕಾಗಿಲ್ಲ. ಹಾನಗಲ್ಲ ಕಡೆಯ ಭತ್ತದ ರೈತ ಬಲ್ಲ: ಪೈರನ್ನು ಹೊಗಳುವವರು ಬಹಳ, ಸಸಿಮಡಿಯನ್ನು ನೋಡುವವರು ಕಡಿಮೆ.

ಹೋದವರೆಲ್ಲ ಸ್ವಾರ್ಥಿಗಳೆಂದು ನಾನು ಹೇಳಲಾರೆ. ನಾನೂ ಸಣ್ಣ ಊರಿನ ಕಾಲೇಜನ್ನು ಬಿಟ್ಟು ನಗರಕ್ಕೆ ಹೋದ ಅಧ್ಯಾಪಕನೇ. ಮಕ್ಕಳ ಓದು, ಮನೆಯ ಸಾಲ, ಕಾರಣಗಳು ಸುಳ್ಳಾಗಿರಲಿಲ್ಲ. ಸೋಮಾರಿತನದಿಂದ ಉಳಿದವರನ್ನೂ ಕಂಡಿದ್ದೇನೆ. ಆದರೂ ಹೊರಟ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ, “ಇನ್ನ ನಮಗ ಯಾರು ಹೇಳಿಕೊಡ್ತಾರ್ರಿ, ಸರ?” ಎಂದು ಕೇಳಿದ್ದು ಇಂದಿಗೂ ಕಿವಿಯಲ್ಲಿದೆ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಉಳಿದವರನ್ನು ತ್ಯಾಗಿಗಳೆಂದು ಕೊಂಡಾಡಿ ಸುಮ್ಮನಾಗುವುದು ಸುಲಭ. ಗವಾಯಿಗಳು ಜೋಳಿಗೆ ಹಿಡಿದು ನಡೆದಾಗ ಹಳ್ಳಿಯವರು ತಮ್ಮ ಕಣಜದಿಂದ ಕಾಳು ಹಾಕಿದ್ದರು. ಆ ಕಾಳಿನ ಮೇಲೆ ಆಶ್ರಮ ನಿಂತಿತು. ನಮ್ಮ ಊರಿನಲ್ಲಿಯೂ ಒಬ್ಬ ಒಳ್ಳೆಯ ಗುರು ಉಳಿದಿರಬಹುದು. ‘ಏಕೆ ಹೋಗಲಿಲ್ಲ?’ ಎಂದು ಅವರನ್ನು ಕೇಳುವ ಮೊದಲು, ಅವರು ಉಳಿಯುವಂತೆ ನಾವೇನು ಮಾಡಿದ್ದೇವೆ ಎಂದು ನಮ್ಮನ್ನೇ ಕೇಳಿಕೊಳ್ಳೋಣ.